ಚೆಂಡು ಬಿಡಿ, ಮರಳು ಹೊಡೆಯಿರಿ

ನಾನು ಹನ್ನೊಂದು ವರ್ಷ ಗಾಲ್ಫ್ ಕೋರ್ಸಿನಲ್ಲಿ ಬೇರೆಯವರ ಬ್ಯಾಗ್ ಹೊತ್ತವನು. ಕಲಿಸಲು ಶುರು ಮಾಡಿದ್ದು ಆಮೇಲೆ. ಕ್ಯಾಡಿ ಕೆಲಸದಲ್ಲಿ ಒಂದು ಲಾಭ ಇದೆ. ಆಟಗಾರರನ್ನು ನೀವು ಯಾವಾಗಲೂ ಹಿಂದಿನಿಂದ ನೋಡುತ್ತೀರಿ. ನಡಿಗೆ ನೋಡಿದರೆ ಸಾಕು, ಚೆಂಡು ಎಲ್ಲಿ ಬಿದ್ದಿದೆ ಅಂತ ಹೇಳಿಬಿಡಬಹುದು. ಗ್ರೀನ್ ಮೇಲೆ, ಅಂದರೆ ಕುಳಿ ಇರುವ ನುಣುಪು ಹುಲ್ಲಿನ ಮೇಲೆ, ಬಿದ್ದಿದ್ದರೆ ಹೆಜ್ಜೆ ಹಗುರ. ಉದ್ದ ಹುಲ್ಲಿನಲ್ಲಿದ್ದರೆ ಬಿರುಸು, ಹುಡುಕಬೇಕಲ್ಲ. ಬಂಕರ್‌ಗೆ, ಆ ಮರಳಿನ ಗುಂಡಿಗೆ, ಬಿದ್ದಿದ್ದರೆ ಮಾತ್ರ ಹಲ್ಲು ಕೀಳಿಸಿಕೊಳ್ಳಲು ಹೊರಟವರ ನಡಿಗೆ. ನೂರು ಗಜ ದೂರದಲ್ಲೇ ಭುಜ ಬಿಗಿದುಕೊಂಡಿರುತ್ತದೆ. ಮರಳಿಗೆ ಇಳಿಯುವ ಮೊದಲೇ ಅವರು ಹೊಡೆತವನ್ನು ಕೆಡಿಸಿಕೊಂಡಿರುತ್ತಾರೆ.

ಇವತ್ತು ನಾನು ಮಾತಾಡುವುದು ಗ್ರೀನ್ ಪಕ್ಕದ ಬಂಕರ್ ಬಗ್ಗೆ ಮಾತ್ರ. ಗ್ರೀನ್‌ಗೆ ಹೋಗುವ ಹಾದಿಯಲ್ಲಿ, ದೂರದಲ್ಲಿರುವ ಫೇರ್‌ವೇ ಬಂಕರ್ ಬೇರೆ ಕಥೆ. ಅಲ್ಲಿ ಚೆಂಡನ್ನು ಮೊದಲು ಹೊಡೆಯಬೇಕು, ಇಲ್ಲಿ ಚೆಂಡನ್ನು ಹೊಡೆಯಲೇಬಾರದು. ಎರಡನ್ನೂ ಒಂದೇ ದಿನ ಹೇಳಿದರೆ ನೀವು ಖಂಡಿತ ಕಲಸುಮೇಲೋಗರ ಮಾಡಿಕೊಳ್ಳುತ್ತೀರಿ.

ಮೊದಲು ನನ್ನ ಮಾನ ನಾನೇ ಕಳೆದುಕೊಂಡುಬಿಡುತ್ತೇನೆ. ನಮ್ಮ ಕಾಲದಲ್ಲಿ ಸೋಮವಾರ ಕ್ಯಾಡಿಗಳಿಗೆ ಆಡಲು ಬಿಡುತ್ತಿದ್ದರು. ಒಂದು ಸೋಮವಾರ, ಯಾರೋ ಕೊಟ್ಟ ಹಳೇ ಕ್ಲಬ್, ಅಂದರೆ ಗಾಲ್ಫ್ ಕೋಲು, ಹಿಡಿದು ಗ್ರೀನ್ ಪಕ್ಕದ ಬಂಕರ್‌ಗೆ ಇಳಿದೆ. ಮೊದಲ ಹೊಡೆತಕ್ಕೆ ಮರಳು ನನ್ನ ಕಣ್ಣಿಗೆ ಬಂತು, ಚೆಂಡು ಇದ್ದಲ್ಲೇ ಇತ್ತು. ಎರಡನೆಯದಕ್ಕೆ ಎದುರಿನ ಗೋಡೆಗೆ ಬಡಿದು ವಾಪಸ್ ಉರುಳಿ ನನ್ನ ಹೆಜ್ಜೆ ಗುರುತಿನಲ್ಲೇ ಕೂತಿತು. ಮೂರನೆಯದನ್ನು ಸಿಟ್ಟಿನಲ್ಲಿ ಹೊಡೆದೆ. ಕ್ಲಬ್ಬಿನ ಅಂಚು ಚೆಂಡಿನ ಹೊಟ್ಟೆಗೆ ತಗುಲಿ, ಅದು ಗ್ರೀನ್ ದಾಟಿ ಆಚೆ ಕಡೆಯ ಬಂಕರ್‌ಗೆ ಹೋಯಿತು. ಅಲ್ಲಿಂದ ಮತ್ತೆ ಶುರು. ಆ ಒಂದು ಹೋಲ್‌ನಲ್ಲಿ, ಅಂದರೆ ಒಂದು ಕುಳಿ ಮುಟ್ಟುವಷ್ಟರಲ್ಲಿ, 11 ಹೊಡೆತ ಬರೆದುಕೊಂಡೆ. ನನಗಿಂತ ಹಿರಿಯ ಕ್ಯಾಡಿ ಒಬ್ಬರು ದಂಡೆ ಮೇಲೆ ಕೂತು ಬೀಡಿ ಸೇದುತ್ತಾ ನೋಡುತ್ತಿದ್ದರು. ಕೊನೆಗೆ ಇಷ್ಟೇ ಹೇಳಿದರು: "ಲೇ, ಬಾಲ್ ಯಾಕೋ ಹೊಡೀತೀಯ? ಬಾಲ್ ಬಿಡು, ಮರಳು ಹೊಡಿ. ಅದು ತಾನಾಗೇ ಬರ್ತದೆ."

ನಾನು ಮುಂದೆ ಎಷ್ಟೋ ಕೋಚ್‌ಗಳ ಮಾತು ಕೇಳಿದ್ದೇನೆ. ಬಂಕರ್ ಬಗ್ಗೆ ಇದಕ್ಕಿಂತ ಜಾಸ್ತಿ ಉಪಯೋಗದ ಮಾತು ಕೇಳಿಲ್ಲ. ಆದರೆ ಆ ಮಾತು ಕೆಲಸ ಮಾಡಬೇಕಾದರೆ ಇನ್ನೊಂದು ವಿಷಯ ಗೊತ್ತಿರಬೇಕು. ಅದನ್ನು ಹೇಳಲೆಂದೇ ಇವತ್ತು ನಿಂತಿದ್ದೇನೆ.

ಅದಕ್ಕೆ ಮುಂಚೆ ಒಂದು ಸಮಾಧಾನ. ಬಂಕರ್‌ನಲ್ಲಿ ಮಾನ ಹೋಗುವುದು ನಮಗೆ ನಿಮಗೆ ಮಾತ್ರ ಅಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಹಳೇ ಕೋರ್ಸಿನಲ್ಲಿ 17ನೇ ಹೋಲ್ ಇದೆ, ರೋಡ್ ಹೋಲ್ ಅಂತ. ಗ್ರೀನ್ ಹೊಟ್ಟೆಯನ್ನು ಕೊರೆದು ತೆಗೆದ ಹಾಗೆ ಒಂದು ಚಿಕ್ಕ, ಆಳದ ಬಂಕರ್. 1978ರ ಓಪನ್‌ನಲ್ಲಿ, ಅಂದರೆ ಬ್ರಿಟನ್ನಿನ ದೊಡ್ಡ ಗಾಲ್ಫ್ ಪಂದ್ಯಾವಳಿಯಲ್ಲಿ, ಜಪಾನಿನ ಟಾಮಿ ನಕಾಜಿಮಾ ಎರಡೇ ಹೊಡೆತಕ್ಕೆ ಆ ಗ್ರೀನ್ ಮೇಲೆ ಬಂದಿದ್ದರು. ಗ್ರೀನ್ ಮೇಲೆ ಚೆಂಡು ಉರುಳಿಸುವ ಕ್ಲಬ್, ಪಟರ್, ಹಿಡಿದು ಮೆಲ್ಲಗೆ ತಳ್ಳಿದರು. ಚೆಂಡು ಇಳಿಜಾರಿನಲ್ಲಿ ತಿರುಗಿ ಹೋಗಿ ಬಂಕರ್ ಒಳಗೆ ಬಿತ್ತು. ಹೊರಗೆ ಬರಲು ಹೊಡೆತದ ಮೇಲೆ ಹೊಡೆತ. ಆ ಹೋಲ್‌ನಲ್ಲಿ 9 ಹೊಡೆತ ಆಯಿತು. ಜನ ಆ ಬಂಕರನ್ನು 'ನಕಾಜಿಮಾ ಮರಳು' ಅಂತಲೇ ಕರೆದರು. 2000ದಲ್ಲಿ, ಅದೇ ಬಂಕರ್‌ನಲ್ಲಿ, ಕೊನೆಯ ದಿನ ಡೇವಿಡ್ ಡುವಾಲ್ ನಾಲ್ಕು ಹೊಡೆತ ತೆಗೆದುಕೊಂಡರು. ಅವರ ಜೊತೆ ಆಡುತ್ತಿದ್ದವರು ಟೈಗರ್ ವುಡ್ಸ್. ಆ ಕೋರ್ಸಿನಲ್ಲಿ 112 ಬಂಕರ್ ಇವೆ. ಟೈಗರ್ ನಾಲ್ಕು ದಿನ ಆಡಿ ಒಂದಕ್ಕೂ ಬೀಳದೆ ಗೆದ್ದರು. ಬಂಕರ್‌ಗೆ ಅದೇ ಒಳ್ಳೇ ಔಷಧಿ, ಒಪ್ಪಿದೆ. ಆದರೆ ಆ ಪಾಠ ಬೇಕಾದವರು ಟೈಗರ್ ಹತ್ತಿರ ಹೋಗಿ. ನನ್ನದು ಬಿದ್ದವರಿಗೆ ಮಾತ್ರ.

ನಿಮ್ಮ ಸ್ಯಾಂಡ್ ವೆಜ್, ಮರಳಿಗೆಂದೇ ಮಾಡಿದ ಕ್ಲಬ್, ತಂದಿದ್ದೀರಲ್ವಾ? ತಲೆಕೆಳಗೆ ಮಾಡಿ ಹಿಡಿದುಕೊಳ್ಳಿ. ಚೆಂಡಿನ ಕಡೆಗಿರುವ ಮುಖ ನೋಡಬೇಡಿ, ತಳ ನೋಡಿ. ಹುಲ್ಲಿನ ಮೇಲೆ ಹೊಡೆಯುವ ಐದನೇ ನಂಬರ್ ಐರನ್ ಕ್ಲಬ್ಬಿನ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಐರನ್ನಿನ ತಳ ತೆಳು. ವೆಜ್ಜಿನ ತಳ ದಪ್ಪ, ಹೊಟ್ಟೆ ಬಂದಂತೆ ಇದೆ. ಇನ್ನೊಂದು ಗಮನಿಸಿ. ಕ್ಲಬ್ಬನ್ನು ನೆಲದ ಮೇಲೆ ನೇರ ಇಟ್ಟರೆ ಆ ಹೊಟ್ಟೆಯ ಹಿಂಭಾಗ ನೆಲಕ್ಕೆ ತಾಗುತ್ತದೆ, ಮುಂದಿನ ಅಂಚು ಸ್ವಲ್ಪ ಮೇಲೆದ್ದಿರುತ್ತದೆ. ಈ ಕೋನಕ್ಕೆ ಬೌನ್ಸ್ ಅಂತಾರೆ. ನಿಮ್ಮ ಕ್ಲಬ್ ಮೇಲೆ 56 ಅಂತ ಒಂದು ಸಂಖ್ಯೆ, ಪಕ್ಕದಲ್ಲಿ 12 ಅಂತ ಇನ್ನೊಂದು ಇರಬಹುದು. 56 ಅಂದರೆ ಮುಖದ ಓರೆ. 12 ಅಂದರೆ ಈ ಬೌನ್ಸ್. ಇಷ್ಟು ವರ್ಷ ಆಡಿಯೂ ಆ ಎರಡನೇ ಸಂಖ್ಯೆಯನ್ನು ಯಾಕೆ ಬರೆದಿದ್ದಾರೆ ಅಂತ ಕೇಳದವರು ನನಗೆ ತುಂಬಾ ಜನ ಸಿಕ್ಕಿದ್ದಾರೆ.

ಆ ಹೊಟ್ಟೆ ಬಂದಿದ್ದರ ಹಿಂದೆ ಒಂದು ಕಥೆ ಇದೆ. ಅಮೆರಿಕದಲ್ಲಿ ಜೀನ್ ಸಾರಜೆನ್ ಅಂತ ಒಬ್ಬ ದೊಡ್ಡ ಆಟಗಾರ ಇದ್ದರು. ಕುಳ್ಳ ಮನುಷ್ಯ, ಇಟಲಿಯಿಂದ ವಲಸೆ ಬಂದ ಬಡಗಿಯ ಮಗ, ಅವರೂ ಕ್ಯಾಡಿಯಾಗಿಯೇ ಶುರು ಮಾಡಿದವರು. ಎಲ್ಲಾ ಚೆನ್ನಾಗಿ ಆಡುತ್ತಿದ್ದರು, ಬಂಕರ್ ಮಾತ್ರ ಕಾಡುತ್ತಿತ್ತು. ಆ ಕಾಲದ ನಿಬ್ಲಿಕ್ ಎಂಬ ಕ್ಲಬ್ಬಿನ ಅಂಚು ಚಾಕು ಇದ್ದ ಹಾಗೆ. ಸ್ವಲ್ಪ ಹಿಂದೆ ಬಿದ್ದರೆ ಮರಳಿನಲ್ಲಿ ಹೂತುಹೋಗುತ್ತಿತ್ತು. ಹೂಳುತ್ತದೆ ಅಂತ ಹೆದರಿ ಮೇಲೆ ಹೊಡೆದರೆ ಚೆಂಡು ಗ್ರೀನ್ ಆಚೆಗೆ. ಕೇಳಿದ ಹಾಗಿದೆ, ಅಲ್ವಾ?

ಸಾರಜೆನ್ ತಾವೇ ಹೇಳಿಕೊಂಡ ಪ್ರಕಾರ, ವಿಮಾನಗಳ ಹುಚ್ಚಿನ ಸಿರಿವಂತ ಹೊವಾರ್ಡ್ ಹ್ಯೂಸ್ ಜೊತೆ ಒಮ್ಮೆ ಹಾರಾಟಕ್ಕೆ ಹೋಗಿದ್ದರಂತೆ. ವಿಮಾನದ ಬಾಲ ಕೆಳಗಾದರೆ ಮೂಗು ಮೇಲೇಳುವುದನ್ನು ನೋಡಿದರು. ಕ್ಲಬ್ಬಿಗೂ ಹೀಗೊಂದು ಬಾಲ ಇದ್ದರೆ? ಫ್ಲಾರಿಡಾದ ನ್ಯೂ ಪೋರ್ಟ್ ರಿಚಿ ಊರಿನಲ್ಲಿ ನಿಬ್ಲಿಕ್ ತಳಕ್ಕೆ ಬೆಸುಗೆ ಲೋಹ ಕರಗಿಸಿ ಹಚ್ಚುವುದು, ಅರ ಹಾಕಿ ಉಜ್ಜುವುದು, ಮರಳಿಗೆ ಹೋಗಿ ಹೊಡೆದು ನೋಡುವುದು, ಮತ್ತೆ ಬಂದು ಹಚ್ಚುವುದು. ಹಿಂಭಾಗ ಮುಂದಿನ ಅಂಚಿಗಿಂತ ಕೆಳಗೆ ಬರುವ ಹಾಗೆ ಮಾಡಿದಾಗ ಕ್ಲಬ್ ಹೂಳುವುದನ್ನು ಬಿಟ್ಟಿತು. ಮರಳಿನ ಮೇಲೆ ಜಾರಿ ಹೊರಗೆ ಬಂತು.

1932ರಲ್ಲಿ ಇಂಗ್ಲೆಂಡಿನ ಪ್ರಿನ್ಸಸ್ ಕೋರ್ಸಿನಲ್ಲಿ ಓಪನ್. ಸಾರಜೆನ್ ಆ ಕ್ಲಬ್ಬನ್ನು ಕೋಟಿನ ಒಳಗೆ ಬಚ್ಚಿಟ್ಟುಕೊಂಡು ಓಡಾಡುತ್ತಿದ್ದರಂತೆ. ನಿಯಮದವರು ನೋಡಿ ಬೇಡ ಅಂದುಬಿಟ್ಟರೆ ಅನ್ನುವ ಭಯ. ಭಯಕ್ಕೆ ಕಾರಣವೂ ಇತ್ತು. ಚಮಚದ ಹಾಗೆ ಮುಖ ಒಳಗೆ ತಗ್ಗಾಗಿದ್ದ ಇನ್ನೊಂದು ಬಗೆಯ ಸ್ಯಾಂಡ್ ಕ್ಲಬ್ಬನ್ನು ಹಿಂದಿನ ವರ್ಷವಷ್ಟೇ ನಿಷೇಧಿಸಿದ್ದರು. ಇವರದ್ದನ್ನು ಯಾರೂ ತಡೆಯಲಿಲ್ಲ. ಓಪನ್ ಗೆದ್ದರು. ಇವತ್ತು ನಿಮ್ಮ ಕೈಯಲ್ಲಿರುವುದು ಆ ಕ್ಲಬ್ಬಿನ ಮೊಮ್ಮಗ.

ಈ ಮನುಷ್ಯನ ಬಗ್ಗೆ ಇನ್ನೊಂದು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. 1973ರಲ್ಲಿ, 71ನೇ ವಯಸ್ಸಿನಲ್ಲಿ, ಸ್ಕಾಟ್ಲೆಂಡಿನ ಟ್ರೂನ್‌ನಲ್ಲಿ ನಡೆದ ಓಪನ್‌ಗೆ ಬಂದರು. ಅಲ್ಲಿ 8ನೇ ಹೋಲಿನ ಹೆಸರು ಪೋಸ್ಟೇಜ್ ಸ್ಟಾಂಪ್, ಅಂಚೆಚೀಟಿ. ಗ್ರೀನ್ ಅಷ್ಟು ಚಿಕ್ಕದು, ಸುತ್ತ ಬಂಕರ್. ಮೊದಲ ದಿನ ಐದನೇ ಐರನ್ನಿನಲ್ಲಿ ಹೊಡೆದದ್ದು ನೇರ ಕುಳಿಗೆ ಹೋಯಿತು. ಮಾರನೇ ದಿನ ಬಂಕರ್‌ಗೆ ಬಿತ್ತು. ಬಂಕರ್‌ನಿಂದ ಹೊಡೆದದ್ದೂ ಕುಳಿಗೆ! ಎರಡು ದಿನ ಸೇರಿ ಆ ಹೋಲ್‌ಗೆ 3 ಹೊಡೆತ, ಪಟರ್ ಮುಟ್ಟಲೇ ಇಲ್ಲ.

ಸರಿ, ಕ್ಲಬ್ಬಿಗೆ ಬರೋಣ. ನೀವೆಲ್ಲ ದೋಸೆ ಮಗುಚಿದವರೇ, ಅಥವಾ ಮಗುಚುವುದನ್ನು ನೋಡಿದವರಾದರೂ ಹೌದು. ಸಟ್ಟುಗವನ್ನು ನೆಟ್ಟಗೆ ನಿಲ್ಲಿಸಿ ತಳ್ಳಿದರೆ ಏನಾಗುತ್ತದೆ? ದೋಸೆ ಹರಿಯುತ್ತದೆ, ಸಟ್ಟುಗ ಕಾವಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಮಲಗಿಸಿ ತಳ್ಳಿದರೆ ಸಲೀಸಾಗಿ ಕೆಳಗೆ ಜಾರಿ, ದೋಸೆಯನ್ನು ಎತ್ತಿಕೊಂಡು ಬರುತ್ತದೆ. ಬಂಕರ್‌ನಲ್ಲೂ ಅಷ್ಟೇ. ಕ್ಲಬ್ಬಿನ ಮುಂದಿನ ಅಂಚು ಮೊದಲು ಮರಳಿಗೆ ಹೋದರೆ ಅದು ಗುದ್ದಲಿ. ತಳ ಮೊದಲು ತಾಗಿದರೆ ಅದು ಸಟ್ಟುಗ. ಗುದ್ದಲಿ ಮಾಡಿದ್ದು ಅಗೆಯುವುದಕ್ಕೆ. ಅದು ಅದರ ಕೆಲಸ ಮಾಡುತ್ತದೆ, ಬೈದು ಪ್ರಯೋಜನ ಇಲ್ಲ.

ಹೆದರಿದ ಮನುಷ್ಯ ಏನು ಮಾಡುತ್ತಾನೆ ಗೊತ್ತಾ? ಚೆಂಡನ್ನು ಎತ್ತಬೇಕು ಅಂತ ಕೈಗಳನ್ನು ಮುಂದೆ ತಳ್ಳುತ್ತಾನೆ. ಕೈ ಮುಂದೆ ಹೋದ ತಕ್ಷಣ ತಳ ಮೇಲೇಳುತ್ತದೆ, ಅಂಚು ಕೆಳಗಾಗುತ್ತದೆ. ಸಾರಜೆನ್ ಕಷ್ಟಪಟ್ಟು ಹಚ್ಚಿದ ಲೋಹ ಗಾಳಿಯಲ್ಲಿ! ಕ್ಲಬ್ ಮತ್ತೆ 1931ರ ನಿಬ್ಲಿಕ್ ಆಗುತ್ತದೆ. ನಿಮ್ಮ ತಪ್ಪುಗಳಲ್ಲಿ ಮುಕ್ಕಾಲು ಪಾಲು ಇದೇ. ಹೆದರಿಕೆಯಿಂದ ನೀವು ಕ್ಲಬ್ಬಿನ ತಳವನ್ನು ಅಡಗಿಸಿಬಿಡುತ್ತೀರಿ. ಅದನ್ನು ಬಿಟ್ಟುಕೊಟ್ಟರೆ ಅದು ಹೂಳುವುದಿಲ್ಲ. ಹೂಳದಿರಲೆಂದೇ ಅದನ್ನು ಮಾಡಿದ್ದಾರೆ.

ತಳವನ್ನು ಇನ್ನಷ್ಟು ಬಳಸಬೇಕಾದರೆ ಮುಖವನ್ನು ತೆರೆಯಬೇಕು. ಬಲಗೈ ಆಟಗಾರರ ಲೆಕ್ಕದಲ್ಲಿ ಹೇಳುತ್ತೇನೆ, ಎಡಗೈಯವರು ತಿರುಗಿಸಿಕೊಳ್ಳಿ. ಗಡಿಯಾರದಲ್ಲಿ 12ರ ಕಡೆ ನೋಡುತ್ತಿದ್ದ ಕ್ಲಬ್ಬನ್ನು 1ರ ಕಡೆ ತಿರುಗಿಸಿ. ಮುಖ ಆಕಾಶ ನೋಡುತ್ತದೆ, ತಳದ ಹೊಟ್ಟೆ ಇನ್ನೂ ಕೆಳಗೆ ಬರುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಕ್ಲಬ್ ಹಿಡಿದುಕೊಂಡು, ಆಮೇಲೆ ಮಣಿಕಟ್ಟು ತಿರುಚಿ ಮುಖ ತೆರೆಯುತ್ತಾರೆ. ಹೊಡೆಯುವಾಗ ಕೈ ತನ್ನ ಜಾಗಕ್ಕೆ ವಾಪಸ್ ಬರುತ್ತದೆ, ಮುಖ ಮುಚ್ಚಿಕೊಳ್ಳುತ್ತದೆ. ಮೊದಲು ಕ್ಲಬ್ಬನ್ನು ತಿರುಗಿಸಿ. ಆಮೇಲೆ ಹಿಡಿಯಿರಿ. ಇಷ್ಟೇ. ಇವತ್ತು ಒಂದೇ ವಿಷಯ ನೆನಪಿಟ್ಟುಕೊಂಡು ಹೋಗುತ್ತೀರಿ ಅಂದರೆ ಇದನ್ನೇ ಒಯ್ಯಿರಿ.

ಮುಖ ತೆರೆದಾಗ ಚೆಂಡು ಬಲಕ್ಕೆ ಹೋಗುವುದಿಲ್ಲವಾ ಅಂತ ಕೇಳುತ್ತೀರಿ. ಸ್ವಲ್ಪ ಹೋಗುತ್ತದೆ. ಅದಕ್ಕೇ ಪಾದಗಳನ್ನು ಗುರಿಯಿಂದ ಸ್ವಲ್ಪ ಎಡಕ್ಕೆ ತಿರುಗಿಸಿ ನಿಲ್ಲುವುದು. ಜಾಸ್ತಿ ಬೇಡ. ಹಳೇ ಕಾಲದಲ್ಲಿ ಪೂರ್ತಿ ಎಡಕ್ಕೆ ತಿರುಗಿ ನಿಂತು ಅಡ್ಡಡ್ಡ ಕೊಯ್ಯುವ ಹಾಗೆ ಹೊಡೆಯಲು ಕಲಿಸುತ್ತಿದ್ದರು. ನನಗೆ ಅದು ಇಷ್ಟ ಇಲ್ಲ. ಹೊಸಬರಿಗೆ ಅದರಿಂದ ಗೊಂದಲ ಜಾಸ್ತಿ, ಲಾಭ ಕಡಿಮೆ.

ಕೆಲವರು ಹೇಳುತ್ತಾರೆ, ನನ್ನ ಹತ್ತಿರ ದುಬಾರಿ ವೆಜ್ ಇಲ್ಲ ಅಂತ. ಸ್ಪೇನಿನ ಸೆವೆ ಬಾಯೆಸ್ಟೆರೋಸ್ ಹೆಸರು ಕೇಳಿರಬಹುದು. ಪೆಡ್ರೆನ್ಯಾ ಅನ್ನುವ ಸಮುದ್ರ ತೀರದ ಊರಿನ ರೈತರ ಮನೆ ಹುಡುಗ. ಚಿಕ್ಕವನಿದ್ದಾಗ ಅವನ ಹತ್ತಿರ ಇದ್ದದ್ದು ಮೂರನೇ ಐರನ್ ಒಂದೇ, ಅದೂ ಅಣ್ಣ ಕೊಟ್ಟದ್ದು. ಅದನ್ನೇ ಹಿಡಿದು ಕಡಲ ದಂಡೆಯ ಮರಳಿನಲ್ಲಿ ಆಡುತ್ತಿದ್ದ. ಮೂರನೇ ಐರನ್ ಅಂದರೆ ಮುಖ ಹೆಚ್ಚುಕಡಿಮೆ ನೆಟ್ಟಗಿರುವ ಕ್ಲಬ್. ಅದರ ಮುಖವನ್ನು ಪೂರ್ತಿ ತೆರೆದು, ಮಲಗಿಸಿ, ಮರಳಿನಿಂದ ಚೆಂಡನ್ನು ಮೇಲೆತ್ತುವುದನ್ನು ತಾನೇ ಕಂಡುಕೊಂಡ. ದೊಡ್ಡವರಾದ ಮೇಲೆ ಮೂರು ಸಲ ಓಪನ್ ಗೆದ್ದರು. ಹಾಗಂತ ನೀವು ಮೂರನೇ ಐರನ್ ತೆಗೆದುಕೊಂಡು ಬಂಕರ್‌ಗೆ ಇಳಿಯಬೇಡಿ. ಕ್ಲಬ್ ನೆಪ ಮಾತ್ರ ಹೇಳಬೇಡಿ ಅಂದೆ, ಅಷ್ಟೇ.

ಇನ್ನು ನಿಲ್ಲುವುದು. ಪಾದಗಳನ್ನು ಮರಳಿನೊಳಗೆ ಅಲ್ಲಾಡಿಸಿ ಊರಿ. ಇದರಿಂದ ಎರಡು ಲಾಭ. ಕಾಲು ಜಾರುವುದಿಲ್ಲ. ಜೊತೆಗೆ ಮರಳು ಎಷ್ಟು ಆಳ ಇದೆ, ಸಡಿಲವೋ ಗಟ್ಟಿಯೋ ಅನ್ನುವುದನ್ನು ಪಾದ ಹೇಳುತ್ತದೆ. ಕೈಯಿಂದಲೋ ಕ್ಲಬ್ಬಿನಿಂದಲೋ ಮರಳನ್ನು ಪರೀಕ್ಷೆ ಮಾಡುವ ಹಾಗಿಲ್ಲ, ಪಾದ ಊರಲು ಅಡ್ಡಿ ಇಲ್ಲ. ಪಾದ ಎಷ್ಟು ಇಳಿಯಿತೋ ಅಷ್ಟು ಕ್ಲಬ್ಬನ್ನು ಕೆಳಗೆ ಹಿಡಿಯಿರಿ. ಮಂಡಿ ಸ್ವಲ್ಪ ಜಾಸ್ತಿ ಬಗ್ಗಲಿ. ಚೆಂಡು ಎಡ ಹಿಮ್ಮಡಿಯ ಹತ್ತಿರ ಇರಲಿ. ತೂಕ ಎಡಗಾಲಿನ ಮೇಲೆ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಹೊಡೆದು ಮುಗಿಯುವವರೆಗೂ ಅಲ್ಲೇ ಇರಲಿ. ಚೆಂಡನ್ನು ಎತ್ತಲು ಹೋಗಿ ಬಲಗಾಲಿಗೆ ವಾಲಿದರೆ ಕ್ಲಬ್ ತುಂಬಾ ಹಿಂದೆ ಮರಳಿಗೆ ಬೀಳುತ್ತದೆ.

ಎಲ್ಲಿ ಹೊಡೆಯಬೇಕು? ಜೇಬಿನಿಂದ ಒಂದು 500 ರೂಪಾಯಿ ನೋಟು ತೆಗೆಯಿರಿ. ಕೊಡಬೇಕಾಗಿಲ್ಲ, ನೋಡಿದರೆ ಸಾಕು. ಉದ್ದ 15 ಸೆಂಟಿಮೀಟರ್. ಚೆಂಡಿನ ಕೆಳಗೆ ಈ ನೋಟು ಹಾಸಿದೆ ಅಂದುಕೊಳ್ಳಿ. ಮೂರರಲ್ಲಿ ಒಂದು ಪಾಲು ಚೆಂಡಿನ ಹಿಂದೆ, ಉಳಿದದ್ದು ಮುಂದೆ. ನೋಟಿನ ಹಿಂದಿನ ತುದಿಯಲ್ಲಿ ಕ್ಲಬ್ ಮರಳಿಗೆ ಇಳಿಯಬೇಕು, ಮುಂದಿನ ತುದಿಯಲ್ಲಿ ಹೊರಗೆ ಬರಬೇಕು. ಅಂದರೆ ಚೆಂಡಿನಿಂದ ಸುಮಾರು ಎರಡು ಇಂಚು ಹಿಂದೆ. ನೋಟನ್ನು ಅದರ ಮೇಲಿನ ಮರಳಿನ ಸಮೇತ ಗ್ರೀನ್ ಮೇಲೆ ಎಸೆಯುತ್ತಿದ್ದೀರಿ, ಚೆಂಡು ಸುಮ್ನೆ ಮೇಲೆ ಕೂತ ಪ್ರಯಾಣಿಕ. ಕ್ಲಬ್ ಚೆಂಡನ್ನು ಮುಟ್ಟುವುದೇ ಇಲ್ಲ. ನಡುವೆ ಮರಳಿನ ಮೆತ್ತೆ ಇರುತ್ತದೆ. ಎರಡು ಇಂಚಿನ ಬದಲು ಒಂದೂವರೆ ಆದರೂ, ಎರಡೂವರೆ ಆದರೂ ಚೆಂಡು ಹೊರಗೆ ಬರುತ್ತದೆ. ಹುಲ್ಲಿನ ಮೇಲೆ ಅರ್ಧ ಇಂಚು ತಪ್ಪಿದರೆ ಹೊಡೆತ ಹಾಳು. ಇಲ್ಲಿ ಅಷ್ಟು ಮಾಫಿ ಇದೆ. ವೃತ್ತಿಪರರು ಉದ್ದ ಹುಲ್ಲಿಗಿಂತ ಬಂಕರ್ ಮೇಲು ಅನ್ನುವುದು ಇದಕ್ಕೇ.

ಕಣ್ಣು ಎಲ್ಲಿರಬೇಕು? ಚೆಂಡಿನ ಮೇಲಲ್ಲ. ಆ ಹಿಂದಿನ ತುದಿಯ ಮೇಲೆ. ಒಂದು ಮರಳಿನ ಕಣ ಆರಿಸಿಕೊಳ್ಳಿ, ಅದನ್ನೇ ನೋಡಿ.

ಈಗ ವೇಗ. ಗ್ರೀನ್ ಹತ್ತು ಗಜ ದೂರ ಇದೆ, ಹತ್ತು ಗಜಕ್ಕೆ ಮೆಲ್ಲಗೆ ಹೊಡೆಯೋಣ ಅಂತ ಮನಸ್ಸು ಹೇಳುತ್ತದೆ. ಆ ಮಾತು ಕೇಳಬೇಡಿ. ನೀವು 46 ಗ್ರಾಂ ತೂಕದ ಚೆಂಡನ್ನಷ್ಟೇ ಸಾಗಿಸುತ್ತಿಲ್ಲ, ಒಂದು ಹಿಡಿ ಮರಳನ್ನೂ ಸಾಗಿಸುತ್ತಿದ್ದೀರಿ. ಹುಲ್ಲಿನಿಂದ ಹತ್ತು ಗಜಕ್ಕೆ ಬೇಕಾದ ಬೀಸಿನ ಎರಡು ಮೂರು ಪಟ್ಟು ಬೇಕು. ಎಲ್ಲಕ್ಕಿಂತ ಕೆಟ್ಟದ್ದು ಏನೆಂದರೆ, ಜೋರಾಗಿ ಮೇಲೆತ್ತಿ, ಇಳಿಸುವಾಗ 'ಅಯ್ಯೋ ಜಾಸ್ತಿ ಆಯ್ತು' ಅಂತ ಬ್ರೇಕ್ ಹಾಕುವುದು. ಕ್ಲಬ್ ಮರಳಲ್ಲೇ ನಿಲ್ಲುತ್ತದೆ. ಚೆಂಡೂ ನಿಲ್ಲುತ್ತದೆ. ಬೀಸು ಚೆಂಡಿನ ಆಚೆ ಹೋಗಲಿ, ಕೈಗಳು ಎದೆ ಎತ್ತರಕ್ಕೆ ಬರಲಿ, ಹೊಟ್ಟೆ ಕುಳಿಯ ಕಡೆ ತಿರುಗಲಿ. ಕೆರೆ ನೀರಿನ ಮೇಲೆ ಚಪ್ಪಟೆ ಕಲ್ಲು ಕುಪ್ಪಳಿಸುವ ಹಾಗೆ ಎಸೆದಿದ್ದೀರಲ್ಲ? ಮೆಲ್ಲಗೆ ಎಸೆದರೆ ಅದು ಮುಳುಗುತ್ತದೆ. ತಳ ಜಾರಬೇಕಾದರೆ ವೇಗ ಬೇಕು.

ದೂರ ಹೆಚ್ಚು ಕಡಿಮೆ ಮಾಡುವುದು ಹೇಗೆ? ಬೀಸಿನ ಕೊನೆಯನ್ನು ಬದಲಿಸಿ ಅಂತ ನಾನು ಹೇಳಿಕೊಡುತ್ತೇನೆ. ಹತ್ತಿರಕ್ಕೆ ಕೈ ಸೊಂಟದವರೆಗೆ, ದೂರಕ್ಕೆ ಭುಜದವರೆಗೆ. ಮೂವತ್ತು ಗಜದ ಬಂಕರ್ ಹೊಡೆತ ಬಂದರೆ ಸ್ಯಾಂಡ್ ವೆಜ್ ಬಿಡಿ, ಪಿಚಿಂಗ್ ವೆಜ್ ಅಥವಾ ಒಂಬತ್ತನೇ ಐರನ್ ತೆಗೆದುಕೊಂಡು ಅದೇ ರೀತಿ ಮರಳು ಹೊಡೆಯಿರಿ. ಇದು ಆಟದ ಅತಿ ಕಷ್ಟದ ಹೊಡೆತಗಳಲ್ಲಿ ಒಂದು. ಗ್ರೀನ್ ಮೇಲೆ ಎಲ್ಲಾದರೂ ನಿಂತರೆ ಸಿಹಿ ಹಂಚಿ.

ಇಲ್ಲಿಯವರೆಗೆ ನಾನು ಹೇಳಿದ್ದೆಲ್ಲ ಚೆಂಡು ಮರಳಿನ ಮೇಲೆ ಚೆನ್ನಾಗಿ ಕೂತಾಗ. ಯಾವಾಗಲೂ ಹಾಗೆ ಕೂರುವುದಿಲ್ಲ. ಹೇಗೆ ಕೂರುತ್ತದೆ ಅನ್ನುವುದು ಮರಳು ಯಾವ ಬಗೆಯದು ಅನ್ನುವುದನ್ನೂ ಅವಲಂಬಿಸಿದೆ. ಮನೆ ಕಟ್ಟಿಸಿದವರಿಗೆ ಗೊತ್ತು, ಹೊಳೆ ಮರಳು ಬೇರೆ, ಎಂ ಸ್ಯಾಂಡ್ ಬೇರೆ. ನೀರಿನಲ್ಲಿ ಉರುಳಿ ಬಂದ ಕಣ ದುಂಡಗಿರುತ್ತದೆ, ಒಂದರ ಮೇಲೊಂದು ಜಾರುತ್ತದೆ. ಬಂಡೆ ಪುಡಿ ಮಾಡಿ ಮಾಡಿದ ಕಣಕ್ಕೆ ಮೂಲೆಗಳಿರುತ್ತವೆ, ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿಯಾಗಿ ಕೂರುತ್ತದೆ. ಬಂಕರ್‌ನಲ್ಲೂ ಇದೇ ಲೆಕ್ಕ. ದುಂಡು ಮರಳಿನಲ್ಲಿ ಮೇಲಿನಿಂದ ಬಿದ್ದ ಚೆಂಡು ಒಳಗಿಳಿಯುತ್ತದೆ. ಮೂಲೆಯ ಮರಳಿನಲ್ಲಿ ಮೇಲೆ ನಿಲ್ಲುತ್ತದೆ. ಟಿವಿಯಲ್ಲಿ ಅಮೆರಿಕದ ಅಗಸ್ಟಾ ಕೋರ್ಸಿನ ಬಂಕರ್ ನೋಡಿ ಸುಣ್ಣ ಬಳಿದಿದ್ದಾರಾ ಅಂತ ಕೇಳಿದವರಿದ್ದಾರೆ. ಅದು ನಾರ್ತ್ ಕ್ಯಾರೊಲಿನಾದ ಸ್ಪ್ರೂಸ್ ಪೈನ್ ಎಂಬ ಊರಿನ ಗಣಿಗಳಲ್ಲಿ ಬೇರೆ ಖನಿಜ ತೆಗೆದ ಮೇಲೆ ಉಳಿಯುವ ಬಿಳಿ ಕಲ್ಲಿನ ಪುಡಿ.

ಕ್ಲಬ್ ಕೊಳ್ಳುವಾಗ ಇದು ಉಪಯೋಗಕ್ಕೆ ಬರುತ್ತದೆ. ನೀವು ಆಡುವ ಕೋರ್ಸಿನ ಮರಳು ಮೆತ್ತಗೆ, ಆಳ ಇದ್ದರೆ ಬೌನ್ಸ್ 12 ಅಥವಾ 14 ಇರಲಿ. ಗಟ್ಟಿ, ತೆಳು ಇದ್ದರೆ 8 ಸಾಕು. ಅಂಗಡಿಯಲ್ಲಿ ಚಾಪೆ ಮೇಲೆ ಹೊಡೆದು ನೋಡಿದರೆ ಇದು ಗೊತ್ತಾಗುವುದಿಲ್ಲ.

ಮಳೆಗಾಲದಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮ ಬೆಂಗಳೂರಿನ ಮರಳು ಒದ್ದೆಯಾಗೇ ಇರುತ್ತದೆ. ಒದ್ದೆ ಮರಳು ಗಟ್ಟಿ. ತಳ ಜಾಸ್ತಿ ಪುಟಿಯುತ್ತದೆ, ಅಂಚು ಚೆಂಡಿನ ಹೊಟ್ಟೆಗೆ ಬಡಿಯುತ್ತದೆ. ಆಗ ಮುಖವನ್ನು ಅಷ್ಟು ತೆರೆಯಬೇಡಿ. ಚೆಂಡು ವೇಗವಾಗಿ ಹೊರಗೆ ಬರುತ್ತದೆ, ಬೀಸನ್ನು ಸ್ವಲ್ಪ ಚಿಕ್ಕದು ಮಾಡಿ. ಬಂಕರ್‌ನಲ್ಲಿ ನೀರೇ ನಿಂತಿದ್ದರೆ ಬಂಕರ್ ಒಳಗೇ ನೀರಿಲ್ಲದ ಜಾಗದಲ್ಲಿ, ಕುಳಿಗೆ ಹತ್ತಿರ ಆಗದ ಹಾಗೆ, ದಂಡ ಇಲ್ಲದೆ ಚೆಂಡನ್ನು ಎತ್ತಿ ಬಿಟ್ಟು ಆಡಬಹುದು. ಹೊರಗೆ ತರಬೇಕೆಂದರೆ ಒಂದು ಹೊಡೆತ ದಂಡ.

ಇನ್ನು ಚೆಂಡು ಹೂತಿರುವುದು. ಇಂಗ್ಲಿಷಿನವರು ಫ್ರೈಡ್ ಎಗ್ ಅಂತಾರೆ, ನಮ್ಮ ಹೋಟೆಲ್ ಭಾಷೆಯಲ್ಲಿ ಬುಲ್ಸ್ ಐ. ಸುತ್ತ ಮರಳಿನ ಬಳೆ, ನಡುವೆ ಅರ್ಧ ಮುಳುಗಿದ ಚೆಂಡು. ಇಲ್ಲಿ ಮಾತ್ರ ಇದುವರೆಗೆ ಹೇಳಿದ್ದೆಲ್ಲ ಉಲ್ಟಾ. ಈಗ ನಮಗೆ ಗುದ್ದಲಿಯೇ ಬೇಕು. ಮುಖ ತೆರೆಯಬೇಡಿ, ನೇರ ಇಡಿ. ಚೆಂಡು ಕಾಲುಗಳ ನಡುವೆ. ತೂಕ ಪೂರ್ತಿ ಎಡಕ್ಕೆ. ಮೇಲಿನಿಂದ ಕಡಿದಾಗಿ, ಮರಳಿನ ಬಳೆಯ ಹಿಂದಿನ ಅಂಚಿಗೆ ಇಳಿಸಿ. ಬೀಸು ಅಲ್ಲೇ ನಿಂತರೂ ಪರವಾಗಿಲ್ಲ. ಚೆಂಡು ಪಟಕ್ಕನೆ ಮೇಲೆ ಬಂದು ಉರುಳುತ್ತದೆ, ನಿಲ್ಲುವುದಿಲ್ಲ. ಉರುಳಲು ಜಾಗ ಲೆಕ್ಕ ಹಾಕಿ.

ಇಳಿಜಾರುಗಳನ್ನು ಬೇಗ ಮುಗಿಸುತ್ತೇನೆ, ಹೊರಗೆ ಹೋಗಿ ಮಾಡಿದಾಗಲೇ ಅದು ಅರ್ಥವಾಗುವುದು. ಭುಜಗಳು ನೆಲದ ಓರೆಗೆ ಸಮನಾಗಿರಲಿ. ಏರಿನಲ್ಲಿ ಚೆಂಡು ತಾನೇ ಎತ್ತರಕ್ಕೆ ಹೋಗುತ್ತದೆ, ಆದರೆ ಗಿಡ್ಡ ಬೀಳುತ್ತದೆ, ಜಾಸ್ತಿ ಬೀಸಿ. ಇಳಿಕೆಯಲ್ಲಿ ಚೆಂಡು ತಗ್ಗಾಗಿ ಹಾರಿ ಉರುಳುತ್ತದೆ. ಇಳಿಕೆಯ ಎದುರಿಗೆ ಎತ್ತರದ ಗೋಡೆ ಇದ್ದರೆ ಪಕ್ಕಕ್ಕೋ ಹಿಂದಕ್ಕೋ ಹೊಡೆದು ಹೊರಗೆ ಬನ್ನಿ. ಯಾರೂ ನಗುವುದಿಲ್ಲ. ನಕ್ಕರೆ ಅವರು ಬಂಕರ್‌ಗೆ ಬೀಳುವವರೆಗೆ ಕಾಯಿರಿ.

ನಿಯಮದ ಮಾತು ಎರಡು. ಚೆಂಡಿನ ಪಕ್ಕ ಕ್ಲಬ್ಬನ್ನು ಮರಳಿಗೆ ತಾಗಿಸುವ ಹಾಗಿಲ್ಲ. ಚೆಂಡಿನ ಹಿಂದೆ ಮುಂದೆ ಆಗಲಿ, ಪ್ರಾಕ್ಟೀಸ್ ಬೀಸಿನಲ್ಲಾಗಲಿ, ಕ್ಲಬ್ ಹಿಂದಕ್ಕೆ ಒಯ್ಯುವಾಗಲಾಗಲಿ. ತಾಗಿದರೆ ಎರಡು ಹೊಡೆತ ದಂಡ. 2010ರಲ್ಲಿ ಅಮೆರಿಕದ ದೊಡ್ಡ ಪಂದ್ಯಾವಳಿ ಪಿಜಿಎ ಚಾಂಪಿಯನ್‌ಶಿಪ್, ವಿಸ್ಲಿಂಗ್ ಸ್ಟ್ರೇಟ್ಸ್ ಕೋರ್ಸ್. ಕೊನೆಯ ಹೋಲ್‌ನಲ್ಲಿ ಡಸ್ಟಿನ್ ಜಾನ್ಸನ್ ಚೆಂಡು ಜನ ತುಳಿದಾಡಿದ ಮರಳಿನ ಮೇಲಿತ್ತು. ಅದು ಬಂಕರ್ ಅಂತ ಅವರಿಗೆ ಅನಿಸಲೇ ಇಲ್ಲ. ಕ್ಲಬ್ ನೆಲಕ್ಕೆ ತಾಗಿಸಿದರು. ಎರಡು ಹೊಡೆತ ಸೇರಿತು, ಸಮ ಬಂದವರ ನಡುವೆ ಗೆದ್ದವರನ್ನು ತೀರ್ಮಾನಿಸುವ ಪ್ಲೇಆಫ್ ತಪ್ಪಿತು. ಅದೇ ನಿಯಮಗಳು 2019ರಲ್ಲಿ ಸ್ವಲ್ಪ ಸಡಿಲವಾಗಿವೆ. ಎಲೆ, ಕಡ್ಡಿ, ಉದುರಿದ ಹೂವನ್ನು ಈಗ ತೆಗೆಯಬಹುದು, ಚೆಂಡು ಅಲ್ಲಾಡದಿದ್ದರೆ ಸಾಕು. ಗುಲ್‌ಮೊಹರ್ ಕಾಲದಲ್ಲಿ ನಮ್ಮವರಿಗೆ ಇದು ದೊಡ್ಡ ಉಪಕಾರ. ಆಡಲು ಸಾಧ್ಯವೇ ಇಲ್ಲ ಅನಿಸಿದರೆ ಎರಡು ಹೊಡೆತ ದಂಡ ಕಟ್ಟಿ ಬಂಕರ್ ಹೊರಗೆ, ಹಿಂದಕ್ಕೆ ಹೋಗಿ ಆಡುವ ದಾರಿಯೂ ಈಗ ಇದೆ. ನನ್ನ ಆ 11ರ ದಿನ ಈ ನಿಯಮ ಇದ್ದಿದ್ದರೆ ಎಂದು ಈಗಲೂ ಅಂದುಕೊಳ್ಳುತ್ತೇನೆ.

ಎಷ್ಟು ಚೆನ್ನಾಗಿ ಆಡಿದರೆ ಸಾಕು? ಅಮೆರಿಕದ ಪಿಜಿಎ ಟೂರ್‌ನಲ್ಲಿ ಆಡುವವರು, ಜಗತ್ತಿನ ಅತಿ ಒಳ್ಳೆಯವರು, ಗ್ರೀನ್ ಪಕ್ಕದ ಬಂಕರ್‌ನಿಂದ ಎರಡೇ ಹೊಡೆತದಲ್ಲಿ ಕುಳಿ ಮುಟ್ಟುವುದು ಸುಮಾರು ಅರ್ಧದಷ್ಟು ಸಲ ಮಾತ್ರ. ನೀವು ಕುಳಿಯ ಪಕ್ಕ ಇಡಲು ಹೋಗಿ ಬಂಕರ್‌ನಲ್ಲೇ ಉಳಿಯುತ್ತೀರಿ. ಒಂದೇ ಹೊಡೆತಕ್ಕೆ ಹೊರಗೆ ಬಂದು ಗ್ರೀನ್ ಮೇಲೆ ನಿಂತರೆ ನನ್ನ ಲೆಕ್ಕದಲ್ಲಿ ಪಾಸು. ಒಂದು ಹೊಡೆತ ಏನು ಮಹಾ ಅನ್ನಬೇಡಿ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು. ದೂರ ಹೊಡೆಯುವವರ ಸಾಲಿನಲ್ಲಿ ಅವರ ಹೆಸರು ಕೆಳಗೆ. ಅಲ್ಲಿಯವರೆಗೆ ತಂದದ್ದು ಗ್ರೀನ್ ಮೇಲಿನ ಮತ್ತು ಸುತ್ತಮುತ್ತಲಿನ ಆಟ. ಪದಕದವರಿಗೂ ಅವರಿಗೂ ಇದ್ದ ಅಂತರ ಒಂದೇ ಹೊಡೆತ. ಬೆಳಗಿನ ಜಾವ ಎದ್ದು ನೋಡಿದ್ದೆವು, ನೆನಪಿದೆಯಾ? ಗಾಲ್ಫ್ ಅಂದರೆ ಏನು ಅಂತ ಗೊತ್ತಿಲ್ಲದ ನಮ್ಮ ಮನೆಯವಳೂ ಆ ದಿನ ಕಾಫಿ ಮಾಡದೆ ಟಿವಿ ಮುಂದೆ ಕೂತಿದ್ದಳು.

ಅಭ್ಯಾಸದ ಜಾಗ ಇಲ್ಲ ಅನ್ನುವವರಿಗೆ ಒಂದು ಮಾತು. ಆ 11ರ ಸೋಮವಾರದ ನಂತರ ನಾನು ಕಲಿತದ್ದು ನಮ್ಮ ಬೀದಿಯ ಮೂಲೆಯಲ್ಲಿ ಮನೆ ಕಟ್ಟಲು ಸುರಿದಿದ್ದ ಮರಳು ಗುಡ್ಡೆಯಲ್ಲಿ. ಚೆಂಡಿಲ್ಲ, ಬರೀ ಕ್ಲಬ್. ಸಂಜೆ ಮೇಸ್ತ್ರಿ ಹೋದ ಮೇಲೆ ಗುಡ್ಡೆಯ ಬುಡವನ್ನು ಚಪ್ಪಟೆ ಮಾಡಿ ಬೆರಳಿನಲ್ಲಿ ಗೆರೆ ಎಳೆಯುವುದು, ಗೆರೆಯಿಂದ ಮರಳು ಏಳುವ ಹಾಗೆ ಹೊಡೆಯುವುದು. ಮರಳು ರಸ್ತೆ ಆಚೆಗೆ ಹೋಗುತ್ತಿತ್ತು. ಹದಿನೈದು ದಿನ ನಡೆಯಿತು. ಹದಿನಾರನೇ ದಿನ ಮನೆ ಯಜಮಾನರು ಹಿಡಿದರು. "ನಾನು ಲೋಡಿಗೆ ದುಡ್ಡು ಕೊಟ್ಟು ತರಿಸ್ತೀನಿ, ನೀನು ರಸ್ತೆಗೆ ಎಸೀತೀಯೇನೋ?" ಮೂರು ಸಂಜೆ ನನ್ನ ಕೈಯಲ್ಲೇ ಮರಳು ಗುಡಿಸಿ ವಾಪಸ್ ಹಾಕಿಸಿದರು. ಅಷ್ಟರಲ್ಲಿ ಗೆರೆ ತಪ್ಪುವುದು ನಿಂತಿತ್ತು.

ಈಗ ಹೊರಗೆ ಹೋಗೋಣ. ಪ್ರಾಕ್ಟೀಸ್ ಬಂಕರ್‌ನಲ್ಲಿ ಬೆಳಿಗ್ಗೆಯೇ ರೇಕ್ ಹಿಡಿಯಿಂದ ಉದ್ದಕ್ಕೆ ಗೆರೆ ಎಳೆದಿಟ್ಟಿದ್ದೇನೆ. ಗೆರೆ ಎರಡು ಕಾಲಿನ ನಡುವೆ ಬರುವ ಹಾಗೆ, ಎಡಗಾಲಿಗೆ ಸ್ವಲ್ಪ ಹತ್ತಿರ ನಿಲ್ಲಿ. ಒಬ್ಬೊಬ್ಬರು ಹತ್ತು ಸಲ ಗೆರೆಯ ಉದ್ದಕ್ಕೂ ನಡೆಯುತ್ತಾ ಹೊಡೆಯಿರಿ, ಆಮೇಲೆ ಹಿಂದೆ ತಿರುಗಿ ಗುರುತು ನೋಡಿ. ಗುರುತು ಗೆರೆಯಿಂದ ಶುರುವಾಗಿದ್ದರೆ ಸರಿ. ಹಿಂದಿದ್ದರೆ ತೂಕ ಬಲಗಾಲಿಗೆ ಹೋಗಿದೆ. ಗುಂಡಿ ಆಳ ಬಿದ್ದಿದ್ದರೆ ಕೈ ಮುಂದೆ ತಳ್ಳಿದ್ದೀರಿ. ಹೊಡೆದಾದ ಮೇಲೆ ರೇಕ್ ಎಳೆದು, ಮುಂದಿನವರಿಗೆ ಹೊಸ ಗೆರೆ ಹಾಕಿಕೊಡಿ. ಚೆಂಡುಗಳನ್ನು ಬ್ಯಾಗಿನಲ್ಲೇ ಬಿಟ್ಟು ಬನ್ನಿ, ಮಧ್ಯಾಹ್ನದವರೆಗೆ ಅವು ಬೇಡ.